ಎಲ್ಲಾ ಚೆನ್ನಾಗಿದೆ ಎಂದ ಶಾಲೆ

ಆಕೆಯ ಹೆಸರೇನೆಂದು ಕೇಳಿದರೆ ಆ ಬೀದಿಯ ಅರ್ಧ ಜನ ತಲೆ ಕೆರೆದುಕೊಳ್ಳುತ್ತಾರೆ. ಶಾಲೆ ದೊಡ್ಡಮ್ಮ ಅನ್ನಿ, ಮೊನ್ನೆ ಮೊನ್ನೆ ಮಾತು ಕಲಿತ ಮಗುವೂ ಬೆರಳು ತೋರಿಸಿ ಮನೆ ಹೇಳುತ್ತದೆ.

ಈ ದೊಡ್ಡಮ್ಮನ ಪಟ್ಟ ಆಕೆಗೆ ಸಿಕ್ಕಿದ್ದು ತಂಗಿಯ ಮಗನಿಂದ. ಸರ್ಕಾರಿ ಶಾಲೆಯಲ್ಲಿ ಕಸ ಗುಡಿಸಿ, ನೀರು ತುಂಬಿಸಿ, ಗಂಟೆ ಹೊಡೆಯುವ ಕೆಲಸಕ್ಕೆ ಆಕೆ ಸೇರಿದ ವರ್ಷವೇ ಅವನೂ ಒಂದನೇ ತರಗತಿಗೆ ಸೇರಿದ್ದ. ಮೊದಲ ದಿನ ಬಿಕ್ಕಿ ಬಿಕ್ಕಿ ಅಳುತ್ತಾ ಅವನು ‘ದೊಡ್ಡಮ್ಮಾ’ ಎಂದು ಕೂಗಿದ್ದೇ ತಡ, ಯಾರನ್ನು ಕರೆದು ಅಳಬೇಕೆಂದು ತಿಳಿಯದೆ ಕೂತಿದ್ದ ಮಿಕ್ಕ ಮಕ್ಕಳೆಲ್ಲ ‘ದೊಡ್ಡಮ್ಮಾ’ ಎಂದು ರಾಗ ತೆಗೆದವು. ಸಂಜೆಯ ಹೊತ್ತಿಗೆ ಟೀಚರುಗಳೂ ಹಾಗೇ ಕರೆದರು. ವಾರ ಕಳೆಯುವುದರೊಳಗೆ ಹೆಡ್‌ಮಾಸ್ತರರೂ, ಆಕೆಗಿಂತ ಎಷ್ಟೋ ದೊಡ್ಡವರು ಪಾಪ, ‘ದೊಡ್ಡಮ್ಮ, ಒಂದಿಷ್ಟು ಸೀಮೆಸುಣ್ಣ ತನ್ನಿ’ ಅನ್ನತೊಡಗಿದರು. ಆ ಹೆಡ್‌ಮಾಸ್ತರರು ಹೋಗಿ ಬೇರೆಯವರು ಬಂದರು, ತಂಗಿಯ ಮಗ ಬೆಳೆದು ತನ್ನ ಮಗನನ್ನೇ ಶಾಲೆಗೆ ಬಿಡಲು ಬಂದ. ಹೆಸರು ಮಾತ್ರ ಅಲುಗಲಿಲ್ಲ.

ಈಗ ದೊಡ್ಡಮ್ಮ ಕೆಲಸದಿಂದ ನಿವೃತ್ತರು. ಶಾಲೆಯ ಎದುರಿಗೇ ಇರುವ ತಂಗಿಯ ಹೊಲಿಗೆ ಅಂಗಡಿಯಲ್ಲಿ ಕುರ್ಚಿ ಹಾಕಿಕೊಂಡು ಅಂಗಿಗಳಿಗೆ ಗುಂಡಿ ಹಚ್ಚುತ್ತಾರೆ. ಕೈ ಗುಂಡಿಯ ಮೇಲೆ, ಕಣ್ಣು ಶಾಲೆಯ ಗೇಟಿನ ಮೇಲೆ. ಗಂಟೆ ಕೊಂಚ ತಡವಾದರೆ ‘ಏನಾಗಿದೆಯಪ್ಪಾ ಇವರಿಗೆ’ ಎಂದು ಗೊಣಗುತ್ತಾರೆ. ಆ ಕಡೆ ನೋಡಿದಾಗ ಅವರ ಮನಸ್ಸಿಗೆ ಬರುವುದು ಈಗಿನ ಕಟ್ಟಡವಲ್ಲ, ಹಳೆಯದು.

ಹಳೆಯದೆಂದರೆ ಮುಂದೆ ಎರಡು ಕೋಣೆ, ಅದರಲ್ಲೊಂದು ಆಫೀಸು. ನಡುವೆ ಅಂಗಳ. ಅಂಗಳದ ಆಚೆ ಒಂದು ಓಣಿ, ಓಣಿಯ ಪಕ್ಕ ಹಿಂದಿನ ಸಾಲಿನ ಮೂರು ಕೋಣೆ. ಬೆಳಿಗ್ಗೆ ಬೀಗ ತೆಗೆದ ಕೂಡಲೇ ಸೀಮೆಸುಣ್ಣ, ಹಳೇ ಮರ, ಹಿಂದಿನ ದಿನದ ಊಟದ ಡಬ್ಬಿ ಎಲ್ಲ ಬೆರೆತ ಒಂದು ವಾಸನೆ ಮುಖಕ್ಕೆ ಬಡಿಯುತ್ತಿತ್ತು. ಬೇರೆಯವರಾದರೆ ಮೂಗು ಮುಚ್ಚಿಕೊಂಡಾರು. ದೊಡ್ಡಮ್ಮನಿಗೆ ಅದಿಲ್ಲದೆ ಬೆಳಗಾಗುತ್ತಲೇ ಇರಲಿಲ್ಲ. ಓಣಿಯ ಗೋಡೆಯ ಉದ್ದಕ್ಕೂ, ಮಕ್ಕಳ ಭುಜದ ಎತ್ತರಕ್ಕೆ, ಒಂದು ಕಪ್ಪು ಪಟ್ಟೆ. ಸಾಲಾಗಿ ಹೋಗುವಾಗ ಗೋಡೆಗೆ ಉಜ್ಜಿಕೊಂಡೇ ಹೋಗುವುದು ಮಕ್ಕಳ ಜಾತಿಗೇ ಅಂಟಿದ ಚಟ. ಪ್ರತಿ ರಜೆಯಲ್ಲೂ ದೊಡ್ಡಮ್ಮ ಅದನ್ನು ಸೋಪು ಹಚ್ಚಿ ತಿಕ್ಕುತ್ತಿದ್ದರು. ಶಾಲೆ ಶುರುವಾಗಿ ತಿಂಗಳು ತುಂಬುವುದರೊಳಗೆ ಪಟ್ಟೆ ಮತ್ತೆ ಹಾಜರು. ‘ಇವರ ಅಪ್ಪಂದಿರ ಕೊಳೇನೂ ನಾನೇ ತೊಳೆದೆ, ಇವರದೂ ನಾನೇ ತೊಳೀಬೇಕು’ ಎಂದು ಬೈಯುತ್ತಿದ್ದರು. ಅದರಲ್ಲಿ ಬೈಗುಳ ಕಾಲು ಭಾಗ, ಹೆಮ್ಮೆ ಮುಕ್ಕಾಲು ಭಾಗ ಇರುತ್ತಿತ್ತು.

ಇಂಥ ಶಾಲೆಗೆ ಇದ್ದದ್ದು ಒಂದೇ ರೋಗ, ಹಿಂದಿನ ಸಾಲಿನ ಛಾವಣಿ. ಮಳೆ ಹನಿಯಿತೆಂದರೆ ಮೂರು ಕೋಣೆಗಳೂ ಸೋರುತ್ತಿದ್ದವು. ಮೊದಮೊದಲು ಒಂದು ಬಕೆಟ್ ಸಾಕಾಗುತ್ತಿತ್ತು. ಆಮೇಲೆ ಬಕೆಟ್ಟಿನ ಜೊತೆಗೆ ಪಾತ್ರೆ, ಪಾತ್ರೆಯ ಜೊತೆಗೆ ಬಣ್ಣದ ಖಾಲಿ ಡಬ್ಬ. ರಿಪೇರಿ ಆಗಬೇಕಾದರೆ ಅನುದಾನ ಬರಬೇಕು. ಅನುದಾನ ಬರಬೇಕಾದರೆ ಶಾಸಕರು ಬಾಯಿ ಬಿಡಬೇಕು. ಶಾಸಕರು ಬಾಯಿ ಬಿಡಬೇಕಾದರೆ ಅವರ ಹತ್ತಿರ ಮೊದಲು ನಮ್ಮವರು ಯಾರಾದರೂ ಬಾಯಿ ಬಿಡಬೇಕು. ಎಡವಟ್ಟಾದದ್ದು ಇಲ್ಲೇ ನೋಡಿ.

ಆ ಶಾಲೆಯವರಿಗೆ ಬಂದವರ ಮುಂದೆ ಕಷ್ಟ ಹೇಳಿಕೊಳ್ಳಲು ಬರುತ್ತಿರಲಿಲ್ಲ. ಹೆಡ್‌ಮಾಸ್ತರರು ಮೃದು ಮನುಷ್ಯ, ಇರುವೆಗೂ ‘ಸ್ವಲ್ಪ ಸರಿಯಮ್ಮಾ’ ಎನ್ನುವಂಥವರು. ದೊಡ್ಡಮ್ಮನ ಕಥೆಯಂತೂ ಕೇಳಲೇಬೇಡಿ. ಅವರ ತಾಯಿ ಚಿಕ್ಕಂದಿನಲ್ಲೇ ತಲೆಗೆ ತುಂಬಿಬಿಟ್ಟಿದ್ದರು: ‘ಬಂದೋರ ಕಣ್ಣಿಗೆ ಹರಿದ ಚಾಪೆ ಬೀಳಬಾರದು ಕಣೇ. ಉಪವಾಸ ಇದ್ರೂ ಊಟ ಆಯ್ತು ಅನ್ನು.’ ತಾಯಿ ಹೋಗಿ ಎಷ್ಟೋ ಕಾಲವಾಗಿತ್ತು, ಮಾತು ಹೋಗಿರಲಿಲ್ಲ. ಶಾಲೆಗೆ ಅಧಿಕಾರಿ ಬರಲಿ, ಯಾರೇ ದೊಡ್ಡ ಮನುಷ್ಯರು ಬರಲಿ, ದೊಡ್ಡಮ್ಮನ ಕೈಗೆ ಎಲ್ಲಿಲ್ಲದ ಬಲ ಬರುತ್ತಿತ್ತು. ಎಲ್ಲ ಕೋಣೆಗಳಿಂದ ಗಟ್ಟಿ ಬೆಂಚುಗಳನ್ನು ಆರಿಸಿ ಮುಂದಿನ ಕೋಣೆಗೆ ಸಾಗಿಸುವರು. ಕಾಲು ಮುರಿದವನ್ನು ಹಿಂದಕ್ಕೆ ತಳ್ಳುವರು. ಓಣಿಯ ಬಾಯಿಗೆ ತಂಗಿಯ ಅಂಗಡಿಯಿಂದ ತಂದ ಹೂವಿನ ಚಿತ್ತಾರದ ಪರದೆ ಕಟ್ಟಿ, ಅದರ ಮುಂದೆ ಗಿಡದ ಕುಂಡಗಳನ್ನು ಜೋಡಿಸುವರು. ಹಿಂದಿನ ಸಾಲಿನ ಮಕ್ಕಳನ್ನು ಅಂಗಳದ ಬಿಸಿಲಿಗೆ ತಂದು ಹಾಡಲು ನಿಲ್ಲಿಸುವರು. ‘ಶಾಲೆ ಹೇಗಿದೆ ಅಂತ ಕೇಳಿದ್ರೆ ಏನನ್ನಬೇಕು?’ ಎಂದು ಕೇಳಿದರೆ ಮಕ್ಕಳು ಒಂದೇ ಉಸಿರಿಗೆ ‘ಎಲ್ಲಾ ಚೆನ್ನಾಗಿದೆ’ ಎನ್ನುತ್ತಿದ್ದವು.

ಶಾಸಕರು ಮೊದಲ ಸಲ ಬಂದಾಗ ಆದದ್ದೂ ಇದೇ. ಛಾವಣಿಗಾಗಿ ಅರ್ಜಿ ಬರೆದು ಬರೆದು ಹೆಡ್‌ಮಾಸ್ತರರೇ ಅವರನ್ನು ಕರೆಸಿದ್ದು. ಬಂದ ಪುಣ್ಯಾತ್ಮ ಒಳ್ಳೆಯವರೇ. ಮುಂದಿನ ಕೋಣೆಯಲ್ಲಿ ಕೂತರು, ಹಾಡು ಕೇಳಿದರು, ಕುಂಡದ ಗಿಡ ಮುಟ್ಟಿ ನೋಡಿದರು. ನೆಲ ನೋಡಿ ‘ಮುಖ ಕಾಣುತ್ತಲ್ರೀ’ ಎಂದರು. ಛಾವಣಿಯ ಮಾತು ಎತ್ತಲು ಹೆಡ್‌ಮಾಸ್ತರರು ಎರಡು ಸಲ ಗಂಟಲು ಸರಿ ಮಾಡಿಕೊಂಡರು. ಎರಡು ಸಲವೂ ಶಾಸಕರು ಅದನ್ನು ಕೆಮ್ಮೆಂದು ತಿಳಿದು ‘ಬಿಸಿ ನೀರು ಕುಡೀರಿ ಮೇಷ್ಟ್ರೇ’ ಎಂದರು. ಹೊರಡುವಾಗ ‘ಸರ್ಕಾರಿ ಶಾಲೆ ಅಂದ್ರೆ ಹೀಗಿರಬೇಕು. ಬೇರೆಯವರನ್ನ ಕರ್ಕೊಂಡು ಬಂದು ತೋರಿಸ್ತೀನಿ’ ಎಂದು ಹೋದರು. ಆ ವರ್ಷದ ಅನುದಾನ ಮಾರುಕಟ್ಟೆಯ ಹಿಂದಿನ ಶಾಲೆಗೆ ಹೋಯಿತು. ಅಲ್ಲಿನವರು ಶಾಸಕರ ಕಾಲಿಗೆ ಮುರಿದ ಬೆಂಚು ಎಡವುವ ಹಾಗೆ ಇಟ್ಟಿದ್ದರಂತೆ.

ತಮಾಷೆ ಏನು ಗೊತ್ತೆ? ಅನುದಾನ ಕೈ ತಪ್ಪಿತೆಂದು ಇಲ್ಲಿ ಯಾರೂ ಅಳಲಿಲ್ಲ. ‘ಮುಖ ಕಾಣುತ್ತೆ’ ಎಂದ ಒಂದು ಮಾತನ್ನೇ ದೊಡ್ಡಮ್ಮ ವರ್ಷವಿಡೀ ಕಂಡಕಂಡವರಿಗೆ ಹೇಳಿಕೊಂಡು ತಿರುಗಿದರು.

‘ಮೇಲೆ ಥಳುಕು, ಒಳಗೆ ಹುಳುಕು’ ಎಂದಳು ತಂಗಿ, ಬಾಯಲ್ಲಿ ಸೂಜಿ ಕಚ್ಚಿಕೊಂಡೇ. ಅವಳ ನಾಲಿಗೆ ಅವಳ ಕತ್ತರಿಗಿಂತ ಚುರುಕು. ‘ನನ್ನ ಪರದೇನ ಇನ್ನು ಕೇಳ್ಬೇಡ ಅಕ್ಕ. ಅತ್ತರೆ ತಾನೇ ತಾಯಿ ಹಾಲು ಕೊಡೋದು? ನೀವು ನಗ್ತಾ ನಿಂತ್ರೆ ಯಾರು ಕೊಡ್ತಾರೆ?’

‘ಬಂದೋರ ಮುಂದೆ ಅಳೋಕಾಗುತ್ತೇನೇ? ನಾವೇನು ಗತಿಗೆಟ್ಟೋರಾ?’

‘ಗತಿಗೆಟ್ಟಿರೋದು ಛಾವಣಿ, ನೀನಲ್ಲ.’

ತಂಗಿಯ ಕಾಟ ತಡೆಯಲಾರದೆ ಆಮೇಲೊಂದು ದಿನ ಹೆಡ್‌ಮಾಸ್ತರರು ಶಾಸಕರಿಗೆ ಫೋನು ಮಾಡುವುದೆಂದಾಯಿತು. ಆಫೀಸಿನಲ್ಲಿ ದೊಡ್ಡಮ್ಮ, ತಂಗಿ, ಇಬ್ಬರು ಟೀಚರುಗಳು ಉಸಿರು ಬಿಗಿಹಿಡಿದು ನಿಂತರು. ಆ ಕಡೆಯಿಂದ ಶಾಸಕರೇ ಮಾತಾಡಿದರು, ದನಿ ಎಲ್ಲರಿಗೂ ಕೇಳುತ್ತಿತ್ತು. ‘ಏನ್ ಮೇಷ್ಟ್ರೇ, ಹೇಗಿದ್ದೀರಿ? ಶಾಲೆ ಹೇಗಿದೆ?’

‘ನಿಮ್ಮ ದಯೆ ಸಾರ್, ಎಲ್ಲಾ ಚೆನ್ನಾಗಿದೆ’ ಎಂದುಬಿಟ್ಟರು ಹೆಡ್‌ಮಾಸ್ತರರು.

ಹುಟ್ಟಿದಾಗಿನಿಂದ ಆಡಿಕೊಂಡು ಬಂದ ಮಾತು, ನಾಲಿಗೆ ತಾನೇ ಹೊರಳಿಬಿಟ್ಟಿತು. ಅಷ್ಟಾದ ಮೇಲೆ ಛಾವಣಿ ಸೋರುತ್ತದೆ ಎನ್ನುವುದು ಹೇಗೆ? ‘ತುಂಬ ಸಂತೋಷ’ ಎಂದು ಆ ಕಡೆ ಫೋನು ಇಟ್ಟದ್ದೂ ಆಯಿತು. ಹೆಡ್‌ಮಾಸ್ತರರು ತಲೆಯ ಮೇಲೆ ಕೈ ಹೊತ್ತು ಕೂತರು. ತಂಗಿ ಗೋಡೆ ಹಿಡಿದು ನಕ್ಕಳು. ದೊಡ್ಡಮ್ಮ ಮಾತ್ರ ನಗಲಿಲ್ಲ, ಬೈಯಲೂ ಇಲ್ಲ. ಆ ಕುರ್ಚಿಯಲ್ಲಿ ತಾನಿದ್ದರೂ ಅದನ್ನೇ ಹೇಳುತ್ತಿದ್ದೆ ಎಂದು ಅವರಿಗೆ ಗೊತ್ತಿತ್ತು.

ಹೀಗೇ ಇನ್ನೂ ಒಂದೆರಡು ವರ್ಷ ನಡೆಯುತ್ತಿತ್ತೇನೋ. ಒಂದು ಮಧ್ಯಾಹ್ನ, ಮಕ್ಕಳೆಲ್ಲ ಊಟದ ಡಬ್ಬಿ ಹಿಡಿದು ಅಂಗಳಕ್ಕೆ ಬಂದಿದ್ದ ಹೊತ್ತಿನಲ್ಲಿ, ನಾಲ್ಕನೇ ತರಗತಿಯ ಕೋಣೆಯಿಂದ ಗೋಣಿಚೀಲ ಎಸೆದಂತೆ ಸದ್ದಾಯಿತು. ದೊಡ್ಡಮ್ಮ ಓಡಿ ಹೋಗಿ ನೋಡಿದರೆ ಛಾವಣಿಯ ಗಾರೆ ಒಂದು ಬಾಗಿಲಿನಗಲ ಕಳಚಿ ಬೆಂಚಿನ ಮೇಲೆ ಬಿದ್ದಿತ್ತು. ಮೇಲೆ ತುಕ್ಕು ಹಿಡಿದ ಕಂಬಿ ಕಾಣುತ್ತಿತ್ತು. ಬೆಂಚಿನ ಮೇಲೆ ಅರ್ಧ ಬರೆದ ಪುಸ್ತಕಗಳು ಹಾಗೇ ತೆರೆದಿದ್ದವು. ದೊಡ್ಡಮ್ಮ ಹೊರಗೋಡಿ, ಆ ಬೆಂಚಿನಲ್ಲಿ ಕೂರುವ ಮಕ್ಕಳನ್ನು ಅಂಗಳದಲ್ಲಿ ಹುಡುಕಿ, ಒಬ್ಬೊಬ್ಬರ ತಲೆಯನ್ನೂ ಮುಟ್ಟಿ ಮುಟ್ಟಿ ನೋಡಿದರು. ಮಕ್ಕಳು ತುತ್ತು ಬಾಯಲ್ಲಿಟ್ಟುಕೊಂಡೇ ಪಿಳಿಪಿಳಿ ನೋಡಿದವು.

ಸುದ್ದಿ ಮೇಲಿನವರಿಗೆ ಮುಟ್ಟಿತು. ಅಲ್ಲಿಂದ ಬಂದ ಉತ್ತರ ಇನ್ನೂ ಚೆನ್ನಾಗಿತ್ತು: ಹಿಂದಿನ ಸಾಲಿನಲ್ಲಿ ಪಾಠ ಕೂಡದು. ಈ ವರ್ಷದ ಅನುದಾನದಲ್ಲಿ ಹೊಸ ಕೋಣೆ ಮಂಜೂರಾಗದಿದ್ದರೆ ಶಾಲೆಯನ್ನೇ ಮುಚ್ಚಿ, ಮಕ್ಕಳನ್ನು ಹೆದ್ದಾರಿಯಾಚೆಯ ಶಾಲೆಗೆ ಸೇರಿಸುವುದು. ಆ ಹೆದ್ದಾರಿಯಲ್ಲಿ ಲಾರಿಗಳು ದೊಡ್ಡವರಿಗೇ ದಾರಿ ಕೊಡುತ್ತಿರಲಿಲ್ಲ, ಇನ್ನು ಒಂದನೇ ತರಗತಿಯ ಕೂಸುಗಳಿಗೆ ಕೊಡುತ್ತವೆಯೇ? ಬೀದಿಯ ತಾಯಂದಿರು ಈ ಸಲ ಸುಮ್ಮನಿರಲಿಲ್ಲ. ಹೆಡ್‌ಮಾಸ್ತರರ ಬಾಯಿ ನೆಚ್ಚಿದರೆ ಕೆಟ್ಟೆವೆಂದು ಸರದಿಯಂತೆ ತಾವೇ ಶಾಸಕರ ಕಚೇರಿಗೆ ಫೋನು ಹಚ್ಚಿದರು. ಮೊದಲ ದಿನ ಮೂವರು ‘ಎಲ್ಲಾ ಚೆನ್ನಾಗಿದೆ’ ಎಂದು ಶುರು ಮಾಡಿ ಎಡವಿದರೆಂದು ತಂಗಿ ಹೊಸ ಕಾನೂನು ತಂದಳು: ‘ಹೇಗಿದ್ದೀರಿ ಅಂದ್ರೆ ಉತ್ತರ ಕೊಡ್ಬೇಡಿ. ನೇರ ಛಾವಣಿ ಅನ್ನಿ.’ ಕಡೆಗೆ ಕಚೇರಿಯ ಗುಮಾಸ್ತ ಫೋನು ಎತ್ತಿದ ಕೂಡಲೇ ‘ಛಾವಣಿನಾ?’ ಎಂದು ತಾನೇ ಕೇಳುವ ಹಾಗಾಯಿತು. ಶಾಸಕರು ಬಂದು ನೋಡುತ್ತೇನೆಂದರು.

‘ಅಕ್ಕ, ಈ ಸಲ ಪೊರಕೆ ಮುಟ್ಟಬೇಡ’ ಎಂದಳು ತಂಗಿ.

ದೊಡ್ಡಮ್ಮನಿಗೆ ಅದು ನುಂಗಲಾರದ ತುತ್ತು. ‘ಬೇರೆ ಏನ್ ಬೇಕಾದ್ರೂ ಹೇಳು.’

‘ಬೇರೆ ಏನೂ ಬೇಡ. ಗುಡಿಸ್ಬೇಡ, ಮುಚ್ಚಬೇಡ, ಹಾಡಿಸ್ಬೇಡ. ಹೇಗಿದೆಯೋ ಹಾಗೆ ಇರಲಿ. ನೀನು ಒಂದಿನ ಸುಮ್ನೆ ಕೂತ್ರೆ ಶಾಲೆ ಉಳಿಯುತ್ತೆ.’

ಶಾಸಕರು ಬರುವ ದಿನ ದೊಡ್ಡಮ್ಮ ಅಂಗಳದ ಕಟ್ಟೆಯ ಮೇಲೆ ಕೂತರು. ಇಷ್ಟು ವರ್ಷದ ಕೆಲಸದಲ್ಲಿ ಅವರು ಕೂತದ್ದನ್ನು ಮಕ್ಕಳು ನೋಡಿದ್ದು ಅಂದೇ ಮೊದಲು. ‘ದೊಡ್ಡಮ್ಮಂಗೆ ಹುಷಾರಿಲ್ಲ’ ಎಂದು ಗುಸುಗುಸು ಎದ್ದಿತು. ಕಾಲಿನ ಹತ್ತಿರವೇ ಒಣಗಿದ ಎಲೆಗಳು ಹಾರಾಡುತ್ತಿದ್ದವು. ಓಣಿಯ ಬಾಯಿ ಬೆತ್ತಲೆಯಾಗಿ ನಿಂತಿತ್ತು, ಕಪ್ಪು ಪಟ್ಟೆ ಗೇಟಿನಿಂದಲೇ ಕಾಣುತ್ತಿತ್ತು. ದೊಡ್ಡಮ್ಮನಿಗೆ ಮೈಮೇಲಿನ ಬಟ್ಟೆ ಕಳಚಿ ಬೀದಿಯಲ್ಲಿ ನಿಲ್ಲಿಸಿದಷ್ಟು ನಾಚಿಕೆ. ಎರಡು ಸಲ ಎದ್ದು ಪೊರಕೆಯವರೆಗೂ ಹೋದರು. ಎರಡು ಸಲವೂ ಎದುರಿನ ಅಂಗಡಿಯಿಂದ ತಂಗಿ ಜೋರಾಗಿ ಕೆಮ್ಮಿದಳು.

ಶಾಸಕರು ಗೇಟಿನೊಳಗೆ ಕಾಲಿಟ್ಟರು. ಹೆಡ್‌ಮಾಸ್ತರರು ಕೈಮುಗಿದು ಓಡಿದರು.

‘ನಮಸ್ಕಾರ ಮೇಷ್ಟ್ರೇ. ಏನೇನೋ ಫೋನ್ ಬರ್ತಿದೆ. ಏನ್ ಸಮಾಚಾರ, ಎಲ್ಲಾ ಚೆನ್ನಾಗಿದೆ ತಾನೇ?’

‘ಚೆನ್ನಾಗಿದೆ ಸಾರ್’ ಎಂದರು ಹೆಡ್‌ಮಾಸ್ತರರು. ಅಂದ ತಕ್ಷಣ ಅವರ ಮುಖ ಬಿಳಿಚಿಕೊಂಡಿತು. ಶಾಸಕರು ನಕ್ಕು ‘ಮತ್ತೆ ಸರಿ’ ಎಂದು ಗಡಿಯಾರ ನೋಡಿಕೊಂಡರು.

ದೊಡ್ಡಮ್ಮ ಕಟ್ಟೆಯಿಂದ ಎದ್ದರು. ಹೆಡ್‌ಮಾಸ್ತರರ ಮಾತಿಗೆ ಅವರು ಯಾವತ್ತೂ ಎದುರಾಡಿದವರಲ್ಲ.

‘ಇಲ್ಲ ಸ್ವಾಮಿ, ಚೆನ್ನಾಗಿಲ್ಲ’ ಎಂದರು.

ಅಂಗಳದ ಮಕ್ಕಳೆಲ್ಲ ಇತ್ತ ತಿರುಗಿದವು.

‘ಮೇಷ್ಟ್ರು ಸುಳ್ಳು ಹೇಳೋರಲ್ಲ, ಮರ್ಯಾದೆಗೆ ಹಾಗಂದ್ರು. ನೀವು ಹಿಂದಕ್ಕೆ ಬನ್ನಿ, ನಾನು ತೋರಿಸ್ತೀನಿ.’

ಓಣಿಯಲ್ಲಿ ಮುಂದೆ ದೊಡ್ಡಮ್ಮ, ಹಿಂದೆ ಶಾಸಕರು. ದೊಡ್ಡಮ್ಮ ನಾಲ್ಕನೇ ತರಗತಿಯ ಬೀಗ ತೆಗೆದರು. ಬಿದ್ದ ಗಾರೆ ಬೆಂಚಿನ ಮೇಲೆ ಹಾಗೇ ಇತ್ತು, ಅದನ್ನು ಬಾಚಿ ಎಸೆಯದೆ ಬಿಡಲು ಅವರು ಎಷ್ಟು ಕಷ್ಟಪಟ್ಟರೆಂದು ಯಾರಿಗೆ ಗೊತ್ತು? ಶಾಸಕರು ಮೇಲೆ ನೋಡಿದರು. ಕಂಬಿಗಳ ನಡುವಿನಿಂದ ಒಂದು ಬಿಸಿಲ ಗೆರೆ ಅವರ ಅಂಗಿಯ ಮೇಲೆ ಬಿದ್ದಿತ್ತು. ಆಮೇಲೆ ಗೋಡೆ ನೋಡಿದರು, ಇಟ್ಟಿಗೆ ಒತ್ತು ಕೊಟ್ಟು ನಿಲ್ಲಿಸಿದ ಬೆಂಚುಗಳನ್ನು ನೋಡಿದರು.

‘ಇದು ಆವತ್ತು ನಾನು ಬಂದಾಗಲೂ ಹೀಗೇ ಇತ್ತಾ?’

‘ಇತ್ತು, ಗಾರೆ ಮಾತ್ರ ಬಿದ್ದಿರಲಿಲ್ಲ. ಪರದೆ ಕಟ್ಟಿ ಮುಚ್ಚಿದ್ದು ನಾನೇ. ಬಂದೋರ ಮುಂದೆ ಮನೆ ಮಾನ ಹೋಗಬಾರದು ಅಂತ ಮುಚ್ಚಿದೆ. ಈ ಮಕ್ಕಳ ತಲೆ ಹೋಗ್ತಿತ್ತು ಸ್ವಾಮಿ.’ ಅಷ್ಟು ಹೇಳುವುದರಲ್ಲಿ ದೊಡ್ಡಮ್ಮನಿಗೆ ದುಃಖ ಉಕ್ಕಿ ಬಂತು. ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಒರೆಸುವ ಬಟ್ಟೆಯಿಂದಲೇ ಕಣ್ಣು ಒರೆಸಿಕೊಂಡರು.

ಶಾಸಕರು ‘ಪರದೆ ನೀವು ಕಟ್ಟಿದ್ರಿ, ಸರಿ. ಸರಿಸಿ ನೋಡೋಕೆ ನನಗೇನಾಗಿತ್ತು? ಚೆನ್ನಾಗಿದೆ ಅಂದ್ರೆ ನನಗೂ ಒಂದು ಕೆಲಸ ಕಮ್ಮಿ’ ಎಂದರು. ಗಡಿಯಾರ ನೋಡುವುದನ್ನು ಬಿಟ್ಟು ಉಳಿದ ಎರಡು ಕೋಣೆಗಳನ್ನೂ ತೆಗೆಸಿ ನೋಡಿದರು.

ಕೆಲಸ ಅಷ್ಟಕ್ಕೇ ಆಗಲಿಲ್ಲ ಬಿಡಿ, ಸರ್ಕಾರದ ಕೆಲಸ ಯಾವತ್ತು ಅಷ್ಟು ಸುಲಭವಾಗಿ ಆದದ್ದುಂಟು? ತಾಯಂದಿರು ಫೋನು ಮಾಡುತ್ತಲೇ ಇದ್ದರು. ಹೆಡ್‌ಮಾಸ್ತರರು ಕನ್ನಡಿ ಮುಂದೆ ನಿಂತು ‘ಚೆನ್ನಾಗಿಲ್ಲ ಸಾರ್’ ಎಂದು ಅಭ್ಯಾಸ ಮಾಡಿಕೊಂಡು ಶಾಸಕರ ಕಚೇರಿಗೆ ಅಲೆದರು. ಕಡೆಗೂ ಅನುದಾನ ಹಂಚುವ ಸಭೆಯಲ್ಲಿ ಶಾಸಕರು ಈ ಶಾಲೆಯ ಪರವಾಗಿ ಎದ್ದು ನಿಂತು ಜಗಳವಾಡಿದರೆಂದು ಸುದ್ದಿ ಬಂತು. ಅನುದಾನ ಬಂತು. ಶಾಲೆ ಉಳಿಯಿತು.

ಹಳೆಯ ಸಾಲನ್ನು ಕೆಡವುವ ದಿನ ಬೀದಿಗೆಲ್ಲ ಸಂಭ್ರಮ. ದೊಡ್ಡಮ್ಮ ಮಾತ್ರ ಬೆಳಿಗ್ಗೆ ಬೇಗ ಬಂದು, ಇನ್ನೇನು ಬೀಳಲಿರುವ ಮೂರು ಕೋಣೆಗಳನ್ನೂ ಗುಡಿಸಿ ಒರೆಸಿದರು. ಕೆಡವಲು ಬಂದ ಮೇಸ್ತ್ರಿ ‘ಯಾಕಮ್ಮಾ, ಹೇಗೂ ಒಡೆಯೋದಲ್ವಾ’ ಎಂದು ನಕ್ಕ. ‘ನಿನ್ನ ಕೆಲಸ ನೀನು ಮಾಡಪ್ಪಾ’ ಎಂದರು. ಓಣಿಯ ಗೋಡೆ ಬಿದ್ದಾಗ ಆ ಕಪ್ಪು ಪಟ್ಟೆ ತುಂಡು ತುಂಡಾಗಿ ಇಟ್ಟಿಗೆಯ ರಾಶಿಯಲ್ಲಿ ಕಂಡಿತು. ಆ ಪಟ್ಟೆಯಲ್ಲಿ ಎಷ್ಟು ಮಕ್ಕಳಿದ್ದರು! ಅವರೆಲ್ಲ ಈಗ ದೊಡ್ಡವರು, ಎಲ್ಲೆಲ್ಲೋ ಇದ್ದಾರೆ. ಅಷ್ಟು ವರ್ಷ ಶಾಪ ಹಾಕಿ ತಿಕ್ಕಿದ್ದನ್ನು ಕಾಣುತ್ತಾ ದೊಡ್ಡಮ್ಮ ಗೇಟಿನ ಹತ್ತಿರ ನಿಂತು ಅತ್ತರು. ‘ಕೇಳಿದ್ದೂ ನೀನೇ, ಅಳೋದೂ ನೀನೇ’ ಎಂದ ತಂಗಿ, ತಾನೂ ಮೂಗು ಒರೆಸಿಕೊಂಡಳು. ಅವಳೂ ಅದೇ ಶಾಲೆಯಲ್ಲಿ ಕಲಿತವಳು.

ಹೊಸ ಕೋಣೆಗಳು ಏಳುವವರೆಗೆ ಎರಡನೇ, ಮೂರನೇ ತರಗತಿಗಳು ಒಂದನೇ ತರಗತಿಯ ಜೊತೆ ಮುಂದಿನ ಕೋಣೆಯಲ್ಲಿ ಒತ್ತೊತ್ತಾಗಿ ಕೂತವು. ನಾಲ್ಕನೇ ತರಗತಿ ತಂಗಿಯ ಅಂಗಡಿಯ ಜಗಲಿಯಲ್ಲಿ ನಡೆಯಿತು. ಮಗ್ಗಿಯ ಜೊತೆಗೆ ಹೊಲಿಗೆ ಯಂತ್ರದ ಸದ್ದೂ ಸೇರಿಕೊಳ್ಳುತ್ತಿತ್ತು. ದೊಡ್ಡಮ್ಮನ ಕೆಲಸದ ಕೊನೆಯ ವರ್ಷಕ್ಕೆ ಕಟ್ಟಡ ಮುಗಿಯಿತು. ದೊಡ್ಡ ಕಿಟಕಿ, ಗಟ್ಟಿ ಛಾವಣಿ, ಒಂದೇ ಅಳತೆಯ ಹೊಸ ಬೆಂಚುಗಳು.

ಮಕ್ಕಳು ಒಳಗೆ ಕೂತ ಕೆಲವೇ ದಿನಕ್ಕೆ ಮಳೆ ಬಂತು. ಸುರಿಯತೊಡಗಿದ್ದೇ ತಡ, ನಾಲ್ಕನೇ ತರಗತಿಯ ಮಕ್ಕಳೆಲ್ಲ ಯಾರೂ ಹೇಳದೆಯೇ ಎದ್ದು ನಿಂತವು. ಚೀಲವನ್ನು ಎದೆಗೆ ಅವಚಿಕೊಂಡು, ಬೆಂಚುಗಳನ್ನು ಗೋಡೆಗೆ ತಳ್ಳಿ, ಮೂಲೆಗೆ ಸರಿದು ತಲೆಯೆತ್ತಿ ನೋಡತೊಡಗಿದವು. ಆ ವರ್ಷವಷ್ಟೇ ಬಂದಿದ್ದ ಟೀಚರಿಗೆ ತಲೆಬುಡ ತಿಳಿಯಲಿಲ್ಲ. ‘ಯಾಕ್ರೋ ಎದ್ರಿ? ಕೂತ್ಕೊಳ್ಳಿ’ ಎಂದರು. ಒಂದು ಮಗುವೂ ಕದಲಲಿಲ್ಲ.

ಸದ್ದು ಕೇಳಿ ದೊಡ್ಡಮ್ಮ ಬಾಗಿಲಿಗೆ ಬಂದರು. ‘ಕೂತ್ಕೊಳ್ಳಿ ಮಕ್ಕಳೇ, ಸೋರಲ್ಲ’ ಎಂದರು ನಗುತ್ತಾ. ‘ಎಲ್ಲಾ ಚೆನ್ನಾಗಿದೆ.’

ಮುಂದೆ ನಿಂತಿದ್ದ ಹುಡುಗಿ ಕಿಟಕಿಯಾಚೆ ಗೇಟಿನ ಕಡೆಗೊಮ್ಮೆ ನೋಡಿ, ದನಿ ತಗ್ಗಿಸಿ ಕೇಳಿದಳು: ‘ಯಾರು ಬಂದಿದ್ದಾರೆ ದೊಡ್ಡಮ್ಮಾ?’

ದೊಡ್ಡಮ್ಮನ ನಗು ಅಲ್ಲೇ ನಿಂತಿತು. ಒಳಗೆ ಬಂದು, ಆ ಹುಡುಗಿಯ ಮುಂದೆ ಮೊಣಕಾಲೂರಿ ಕೂತು, ಅವಳ ಎರಡೂ ಕೆನ್ನೆ ಹಿಡಿದರು.

‘ಯಾರೂ ಬಂದಿಲ್ಲ ಕಂದಾ. ನಿಜವಾಗ್ಲೂ ಸೋರಲ್ಲ. ಇದು ನಿಮಗೇ ಕಟ್ಟಿರೋದು.’

ಹುಡುಗಿ ಇನ್ನೊಮ್ಮೆ ಮೇಲೆ ನೋಡಿದಳು. ಅಂಗೈ ಚಾಚಿ ಸ್ವಲ್ಪ ಹೊತ್ತು ಹಾಗೇ ಹಿಡಿದಳು. ಏನೂ ಬೀಳಲಿಲ್ಲ. ಆಮೇಲೆ ಚೀಲವನ್ನು ನೆಲಕ್ಕಿಟ್ಟು ಕೂತಳು.